ಬೆಂಕಿಯಲ್ಲಿ ಬಣ್ಣದ ಮಾತು ನಂಬಬೇಡಿ

ಉರಿಯಲ್ಲಿ ಗಾಜಿನ ಕಡ್ಡಿ ಕರಗಿಸಿ ಮಣಿ ಮಾಡುತ್ತಿದ್ದೇನೆ, ಆದರೆ ನಿಮಗೆ ತೆರೆಯ ಮೇಲೆ ಹಳದಿ ಜ್ವಾಲೆ ಬಿಟ್ಟು ಬೇರೇನೂ ಕಾಣುತ್ತಿಲ್ಲ, ಅಲ್ಲವೇ? ಕ್ಯಾಮೆರಾ ಕೆಟ್ಟಿಲ್ಲ. ಗಾಜಿನೊಳಗಿನ ಸೋಡಿಯಂ ಕಾದಾಗ 589 ನ್ಯಾನೋಮೀಟರ್ ಆಸುಪಾಸಿನ ಹಳದಿ ಬೆಳಕನ್ನು ಚೆಲ್ಲುತ್ತದೆ; ಅದರ ಹಿಂದೆ ಎಲ್ಲವೂ ಮುಚ್ಚಿಹೋಗುತ್ತದೆ. ಸ್ವಲ್ಪ ತಾಳಿ, ಲೆನ್ಸಿನ ಮುಂದೆ, ಈ ಹಳದಿಯನ್ನು ತಡೆಯುವ ನನ್ನ ಡಿಡಿಮಿಯಂ ಕನ್ನಡಕವನ್ನು ಹಿಡಿಯುತ್ತೇನೆ. ನೋಡಿ, ಹಳದಿ ಮಾಯ! ಕಡ್ಡಿಯ ತುದಿಯಲ್ಲಿ ಜೇನಿನಂತೆ ಜೋಲುತ್ತಿರುವ ಗಾಜು ಈಗ ಕಾಣುತ್ತಿದೆ.

ಹಿಂದೆ ಕೇಳಿಸುತ್ತಿರುವ ಗುಡುಗುಡು ಸದ್ದು ಆಮ್ಲಜನಕದ ಕಾನ್ಸೆಂಟ್ರೇಟರಿನದು. ಕೋವಿಡ್ ಕಾಲದಲ್ಲಿ ಯಾರದೋ ಮನೆಗೆ ಬಂದಿದ್ದ ಯಂತ್ರ, ಈಗ ಗಾಜು ಕರಗಿಸುವ ನನ್ನ ಉರಿ ಟಾರ್ಚಿಗೆ ಉಸಿರು ಕೊಡುತ್ತಿದೆ. ಅಡುಗೆ ಒಲೆಯ ಉರಿ ಈ ಕೆಲಸಕ್ಕೆ ಸಾಲದು. ಅನಿಲದ ಜೊತೆ ಆಮ್ಲಜನಕ ಬೆರೆತರೆ ಗಾಜು ಬೇಗ ಮಾತು ಕೇಳುತ್ತದೆ.

ಈ ಬಣ್ಣದ ಕಡ್ಡಿಗಳು ಇಟಲಿಯ ಮುರಾನೋ ಕಡೆಯವು. ಬೆಂಕಿಯ ಭಯದಿಂದ ವೆನಿಸ್ 1291ರಲ್ಲಿ ತನ್ನ ಗಾಜಿನ ಕುಲುಮೆಗಳನ್ನೆಲ್ಲ ಸಾಗಹಾಕಿದ್ದು ಆ ದ್ವೀಪಕ್ಕೇ. ಕಟ್ಟಿನ ಮೇಲೆ 104 ಎಂದು ಬರೆದಿದೆ. ಕಾದಾಗ ಎಷ್ಟು ಹಿಗ್ಗುತ್ತದೆ ಎಂಬುದರ ಅಳತೆ ಅದು. ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿಗೆ ಈ ಸಂಖ್ಯೆ ಸುಮಾರು 33. ಎರಡನ್ನೂ ಬೆಸೆದರೆ ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಕೊನೆಗೆ ಬಿರುಕು. ಹಳೆಯ ಬಾಟಲಿ ಕರಗಿಸಬಹುದೇ ಎಂದು ಕೇಳುವವರಿಗೂ ಇದೇ ಉತ್ತರ: ಅದನ್ನೊಂದನ್ನೇ ಆದರೆ ಆಗಬಹುದು, ಇವುಗಳ ಜೊತೆ ಸೇರಿಸಬೇಡಿ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗ. ಕೈಯಲ್ಲಿರುವುದು ಅಪ್ಪಟ ಹಳದಿ ಕಡ್ಡಿ, ಆದರೆ ಉರಿಗೆ ಹಿಡಿದೊಡನೆ ಕೆಂಪಾಗುತ್ತಿದೆ. ಕೆಂಪು ಕಡ್ಡಿಯಂತೂ ಬಹುತೇಕ ಕಪ್ಪಾಗುತ್ತದೆ. ಆರಿದ ಮೇಲೆ ಎರಡೂ ತಮ್ಮ ಮೂಲ ಬಣ್ಣಕ್ಕೆ ಮರಳುತ್ತವೆ. ಹಾಗಾಗಿ ಮಣಿ ಮಾಡುವಷ್ಟು ಹೊತ್ತೂ ಕಣ್ಣಿಗೆ ಕಂಡದ್ದನ್ನು ಬಿಟ್ಟು, ಯಾವ ಬಣ್ಣ ಎಲ್ಲಿಟ್ಟೆ ಎಂಬ ನೆನಪಿನಿಂದಲೇ ಕೆಲಸ ಮಾಡಬೇಕು. ಹಸಿರು ಬೆರೆತ ಈ ನೀಲಿ (ಟರ್ಕಾಯ್ಸ್) ಕಡ್ಡಿಯಲ್ಲಿ ತಾಮ್ರವಿದೆ. ಜ್ವಾಲೆಗೆ ಆಮ್ಲಜನಕ ಕಡಿಮೆಯಾದರೆ ಮೇಲ್ಮೈ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಇದನ್ನು ದಂತವರ್ಣದ ಗಾಜಿನ ಮೇಲೆ ಸುತ್ತಿದರೆ, ಒಂದರ ತಾಮ್ರಕ್ಕೂ ಇನ್ನೊಂದರ ಗಂಧಕಕ್ಕೂ ಜಗಳ ಹತ್ತಿ ನಡುವೆ ಕಂದು ಗೆರೆ ಮೂಡುತ್ತದೆ. ಕೆಲವರು ಅದನ್ನು ಕೊಳಕು ಎನ್ನುತ್ತಾರೆ. ನಾನು ಈ ಎರಡು ಕಡ್ಡಿ ಕೊಳ್ಳುವುದೇ ಆ ಗೆರೆಗಾಗಿ.

ಕರಗಿದ ಗಾಜನ್ನು ಸುತ್ತಿರುವ ಉಕ್ಕಿನ ಕಡ್ಡಿಯನ್ನು ಎಡಗೈ ತಿರುಗಿಸುತ್ತಲೇ ಇದೆ, ಗಮನಿಸಿ. ನಿಲ್ಲಿಸಿದರೆ ಗಾಜು ಒಂದೇ ಕಡೆಗೆ ಇಳಿಯುತ್ತದೆ. ಮಣಿಯನ್ನು ಗುಂಡಗೆ ಮಾಡುವುದು ನಾನಲ್ಲ, ತಿರುಗುವ ಕಡ್ಡಿ ಮತ್ತು ಗಾಜಿನ ಮೇಲ್ಮೈ ಸೆಳೆತ. ಉಪಕರಣಗಳಿಗೆ ಹಣ ಸುರಿಯುವ ಮೊದಲು ಇದೊಂದು ತಿರುಗಿಸುವಿಕೆ ಕೈಗೆ ಹತ್ತಲಿ.

ಅಂದ ಹಾಗೆ, ಇದು ಪರದೇಶದ ಶೋಕಿ ಎನ್ನುವವರು ಮನೆಯ ಗಾಜಿನ ಬಳೆಯ ಮೇಲೆ ಬೆರಳಾಡಿಸಿ. ಎಲ್ಲೋ ಒಂದು ಕಡೆ ಸಣ್ಣ ಕೂಡುಗುರುತು ಸಿಗಬಹುದು. ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಮನೆಮನೆಗಳಲ್ಲಿ ಕುಳಿತು, ಬಳೆಯ ಎರಡು ತುದಿಗಳನ್ನು ಪುಟ್ಟ ಜ್ವಾಲೆಯಲ್ಲಿ ಬೆಸೆಯುವವರಿದ್ದಾರೆ. ನನಗಿದು ಭಾನುವಾರದ ಹವ್ಯಾಸ, ಅವರಿಗೆ ಹೊಟ್ಟೆಪಾಡು.

ಮಣಿ ಈಗ ವಿದ್ಯುತ್ ಕುಲುಮೆಯೊಳಗೆ. ಸುಮಾರು 510 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತು, ಬಳಿಕ ನಿಧಾನವಾಗಿ ತಣಿಯಬೇಕು. ಹೊರಮೈ ಬೇಗ ಆರಿ ಒಳಗು ಬಿಸಿಯಾಗಿಯೇ ಉಳಿದರೆ ಒಳಗೊಳಗೇ ಎಳೆದಾಟ ಉಳಿದುಬಿಡುತ್ತದೆ. ಅಂಥ ಮಣಿ ವಾರಗಳ ನಂತರ ಕೊರಳಲ್ಲಿದ್ದಾಗಲೂ ಒಡೆಯಬಹುದು. ಅರ್ಧ ನಿಮಿಷದ ವೀಡಿಯೊಗಳು ಈ ಹಂತವನ್ನೇ ಕತ್ತರಿಸಿ ಎಸೆಯುತ್ತವೆ, ನನಗೆ ಅವುಗಳ ಮೇಲೆ ಸಿಟ್ಟು.

ಬೆಳಿಗ್ಗೆ ಹೊರತೆಗೆದ ಮೇಲೆ ನೀರಿನಲ್ಲಿ ನೆನೆಸಿ ಉಕ್ಕಿನ ಕಡ್ಡಿಯನ್ನು ಕಳಚಬೇಕು. ಗಾಜು ಉಕ್ಕಿಗೆ ಅಂಟದಿರಲೆಂದು ಮೊದಲೇ ಕಡ್ಡಿಗೆ ಹಚ್ಚಿದ್ದ ಜೇಡಿಮಣ್ಣಿನ ಲೇಪ ತೂತಿನೊಳಗೆ ಉಳಿದಿರುತ್ತದೆ; ಅದನ್ನು ಒದ್ದೆಯಿರುವಾಗಲೇ ಉಜ್ಜಿ ತೆಗೆಯಿರಿ. ಒಣಗಿಸಿ ಕೆರೆಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.