15,000 ಜಾಸ್ತಿ ಕೊಡುತ್ತಾರಂತೆ, ಹೋಗಲಾ?

ಕೇಳುಗರೆಲ್ಲರಿಗೂ ನಮಸ್ಕಾರ.

"ದೊಡ್ಡಮ್ಮ, ಬೇರೆ ಕಂಪನಿಯಲ್ಲಿ ತಿಂಗಳಿಗೆ 15,000 ಜಾಸ್ತಿ ಕೊಡ್ತಾರಂತೆ. ಹೋಗಲಾ, ಬೇಡ್ವಾ?" ಮಾರ್ಚ್ ಮುಗಿದು ಇನ್‌ಕ್ರಿಮೆಂಟ್ ಎಷ್ಟೆಂದು ಗೊತ್ತಾಗುವ ಹೊತ್ತಿಗೆ ನೆಂಟರ ಮಕ್ಕಳು ಈ ಪ್ರಶ್ನೆ ಹೊತ್ತು ನಮ್ಮ ಮನೆಗೆ ಬರುತ್ತಾರೆ. ನಾನು ಇಲ್ಲಿ ಮುಂಬಯಿಯಲ್ಲಿ ಅಕೌಂಟ್ಸ್ ವಿಭಾಗದಲ್ಲಿದ್ದು, ಊರಿನವರ ಸಂಬಳದ ಲೆಕ್ಕವನ್ನೆಲ್ಲ ಬರೆದವಳು. ಹಾಗಾಗಿ ನನ್ನನ್ನು ಕೇಳುತ್ತಾರೆ. ನಾನು ಅವರನ್ನು ತಿರುಗಿ ಕೇಳುತ್ತೇನೆ: ಆ 15,000 ಯಾವುದಕ್ಕೆ ಬೇಕು?

ಕೆಲವರ ಹತ್ತಿರ ತಕ್ಷಣ ಉತ್ತರ ಇರುತ್ತದೆ. ಊರಿನ ಮನೆಯ ಸಾಲ, ಅಪ್ಪನ ಡಯಾಲಿಸಿಸ್, ತಂಗಿಯ ಕಾಲೇಜು ಫೀಸು. ಅಂಥವರಿಗೆ "ಹೋಗು ಮಗಾ" ಅನ್ನುತ್ತೇನೆ. ದುಡ್ಡಿನಲ್ಲಿ ಏನಿದೆ, ನೆಮ್ಮದಿ ಮುಖ್ಯ ಎಂದು ಸಾಲ ಇರುವವರಿಗೆ ಉಪದೇಶ ಮಾಡಬಾರದು. ಅವರ ನೆಮ್ಮದಿ ಕೆಟ್ಟಿರುವುದೇ ದುಡ್ಡಿಲ್ಲದೆ. ಆದರೆ ಸಾಲ ಯಾವ ವರ್ಷ ತೀರುತ್ತದೆ ಎಂದು ಬರೆದಿಟ್ಟುಕೊಳ್ಳಲು ಹೇಳುತ್ತೇನೆ. ಆ ವರ್ಷ ಬಂದಾಗ ಮತ್ತೆ ಕುಳಿತು ಯೋಚಿಸಬೇಕು.

ಉಳಿದವರು "ಎಲ್ಲರೂ ಹೋಗ್ತಿದ್ದಾರೆ, ಸುಮ್ನೆ ಇಲ್ಲೇ ಯಾಕಿರಬೇಕು" ಅನ್ನುತ್ತಾರೆ. ಅವರ ಜೊತೆ ಪೆನ್ನು, ಕಾಗದ ಹಿಡಿದು ಕೂರುತ್ತೇನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಡೊಂಬಿವಲಿಯ ಹುಡುಗಿ. ಕೆಲಸ ಠಾಣೆಯಲ್ಲಿ. ಕೈಗೆ ಬರುವುದು 60,000. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಸಂಜೆ ಆರೂವರೆಗೆ ವಾಪಸ್. ದಿನಕ್ಕೆ 10 ಗಂಟೆ, ತಿಂಗಳಿಗೆ 22 ದಿನ, ಒಟ್ಟು 220 ಗಂಟೆ. ಗಂಟೆಗೆ ಸುಮಾರು 273 ರೂಪಾಯಿ ಆಯಿತು.

ಹೊಸ ಕೆಲಸ ಲೋವರ್ ಪರೇಲಿನಲ್ಲಿ. ಕೈಗೆ 75,000. ಈಗ ಏಳೂವರೆಗೇ ಮನೆ ಬಿಡಬೇಕು. ಫಾಸ್ಟ್ ಲೋಕಲ್ ಹಿಡಿದು ದಾದರಿನಲ್ಲಿ ಇಳಿಯಬೇಕು. ಅಲ್ಲಿಯ ಸ್ಟೇಷನ್ ಸೇತುವೆಯ ಜನಜಂಗುಳಿಯಲ್ಲಿ ನುಗ್ಗಿ ವೆಸ್ಟರ್ನ್ ಲೈನಿನ ಸ್ಲೋ ಗಾಡಿ ಹಿಡಿಯಬೇಕು. ರಾತ್ರಿ ಮನೆ ಸೇರುವಾಗ ಒಂಬತ್ತು. ಎರಡು ಶನಿವಾರವೂ ಕೆಲಸ. ದಿನಕ್ಕೆ ಹದಿಮೂರೂವರೆ ಗಂಟೆ, 24 ದಿನ, ಒಟ್ಟು 324 ಗಂಟೆ. ಭಾಗಿಸಿದರೆ ಗಂಟೆಗೆ 231 ರೂಪಾಯಿ.

ಸಂಬಳ ಕಾಲುಭಾಗ ಏರಿತು, ಗಂಟೆಯ ಬೆಲೆ ಇಳಿಯಿತು. ಇದನ್ನು ಕಾಗದದ ಮೇಲೆ ಕಂಡಾಗ ಮಕ್ಕಳು ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

"ಟ್ರೈನಿನಲ್ಲಿ ಮೊಬೈಲ್ ನೋಡ್ತೀನಿ, ಟೈಮ್ ಹೋಗುತ್ತೆ" ಎಂದೂ ಹೇಳುತ್ತಾರೆ. ಹೋಗುವುದು ನಿಜ. ಲೇಡಿಸ್ ಡಬ್ಬದಲ್ಲಿ ಸೀಟು ಸಿಕ್ಕರೆ ನಾವೂ ಮನೆಗೆ ಬರುವಷ್ಟರಲ್ಲಿ ಸೊಪ್ಪು ಬಿಡಿಸಿ, ಬಟಾಣಿ ಸುಲಿದು ಮುಗಿಸುತ್ತಿದ್ದೆವು. ಮನೆಯಲ್ಲಿ ಅದಕ್ಕೆ ಹೊತ್ತಿರಲಿಲ್ಲ, ಅದಕ್ಕೆ. ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಎಂಬ ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಮಾಹಿತಿ ಇಟ್ಟುಕೊಂಡು ಕೆಲಸಕ್ಕೆ ಹೋಗಿಬರುವ ಈ ಓಡಾಟವನ್ನೇ ನೋಡಿದರು. ಅವರ ಲೇಖನ 2008ರಲ್ಲಿ ಪ್ರಕಟವಾಯಿತು. ದೂರ ಓಡಾಡುವವರಿಗೆ ಜಾಸ್ತಿ ಸಂಬಳವೋ ಅಗ್ಗದ ಮನೆಯೋ ಸಿಕ್ಕಿರುತ್ತದೆ, ಹಾಗಾಗಿ ಅವರೂ ಉಳಿದವರಷ್ಟೇ ತೃಪ್ತರಾಗಿರಬೇಕು ಎಂಬುದು ಅರ್ಥಶಾಸ್ತ್ರದ ಲೆಕ್ಕ. ಆದರೆ ಓಡಾಟ ಹೆಚ್ಚಾದಷ್ಟೂ ಬದುಕಿನ ತೃಪ್ತಿ ಕಡಿಮೆ ಎಂದೇ ಅವರಿಗೆ ಕಂಡಿತು. ನಮ್ಮ ದಾದರ್ ಸೇತುವೆ ಹತ್ತಿ ಇಳಿದವರಿಗೆ ಇದರಲ್ಲಿ ಆಶ್ಚರ್ಯವೇನಿದೆ?

ಇನ್ನು ಆಫರ್ ಲೆಟರ್. ಅದರಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಸಿಟಿಸಿ, ಅಂದರೆ ಕಂಪನಿಗೆ ನಿಮ್ಮಿಂದ ಆಗುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್ ಅದರಲ್ಲೇ ಸೇರಿರುತ್ತದೆ, ಎಷ್ಟೋ ಕಡೆ ಗ್ರಾಚ್ಯುಟಿಯೂ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟೂ. ವೇರಿಯೇಬಲ್ ಪೇ ಎಂದು, ಕೆಲಸ ನೋಡಿ ಕೊಡುವ ಒಂದು ಪಾಲು ಇರುತ್ತದೆ, ಅದು ಪೂರ್ತಿ ಬಂದರೆ ಬಂತು. ಗ್ರಾಚ್ಯುಟಿ ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಕಾಯಂ ಕೆಲಸದವರಿಗೆ ಸಾಮಾನ್ಯವಾಗಿ ಐದು ವರ್ಷ ಆದಮೇಲೆ ಅದು ಸಿಗುವುದು. ತಿಂಗಳ ಬೇಸಿಕ್, ಅಂದರೆ ಮೂಲ ಸಂಬಳ, 52,000 ಇದ್ದರೆ, 15ರಿಂದ ಗುಣಿಸಿ 26ರಿಂದ ಭಾಗಿಸಿ, ವರ್ಷಕ್ಕೆ 30,000. ಐದು ವರ್ಷಕ್ಕೆ ಒಂದೂವರೆ ಲಕ್ಷ. ನಾಲ್ಕು ವರ್ಷಕ್ಕೇ ಬಿಟ್ಟು ಹೋದರೆ ಅಷ್ಟೂ ಹೋಯಿತು. ಎಷ್ಟೋ ಮಕ್ಕಳು ಇದು ಗೊತ್ತಿಲ್ಲದೆ ರಾಜೀನಾಮೆ ಕೊಟ್ಟಿದ್ದಾರೆ. ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಇದೆಲ್ಲ ಲೆಕ್ಕಕ್ಕೆ ಸಿಗುವ ಮಾತು. ಕೆಲಸ ಹಿಡಿಸುವುದು, ಹಿಡಿಸದಿರುವುದು ಲೆಕ್ಕಕ್ಕೆ ಸಿಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಜೊತೆಗಾರರು ಸುಮಾರು 200 ಎಂಜಿನಿಯರುಗಳನ್ನೂ ಅಕೌಂಟೆಂಟುಗಳನ್ನೂ ಮಾತಾಡಿಸಿ 1959ರಲ್ಲಿ ಒಂದು ವಿಚಾರ ಮುಂದಿಟ್ಟರು. ಸಂಬಳ, ಮೇಲಧಿಕಾರಿ, ಆಫೀಸಿನ ನಿಯಮಗಳು ಸರಿ ಇಲ್ಲದಿದ್ದರೆ ಬೇಜಾರು ಹುಟ್ಟುತ್ತದೆ. ಅವು ಸರಿಯಾದರೆ ಬೇಜಾರು ಹೋಗುತ್ತದೆ, ಅಷ್ಟೇ. ಖುಷಿ ಬರುವುದು ಕೆಲಸದಿಂದಲೇ, ಅದರಲ್ಲಿ ಕಲಿತದ್ದರಿಂದ, ಚೆನ್ನಾಗಿ ಮಾಡಿದೆ ಎಂದು ಯಾರಾದರೂ ಗುರುತಿಸುವುದರಿಂದ. ಹರ್ಜ್‌ಬರ್ಗ್ ಮಾತನ್ನು ಒಪ್ಪದ ಪಂಡಿತರೂ ಇದ್ದಾರೆ. ಆದರೆ ಅವರು ಮಾತಾಡಿಸಿದ್ದು ನನ್ನಂಥ ಅಕೌಂಟ್ಸಿನವರನ್ನು. ವರ್ಷದ ಲೆಕ್ಕ ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲದೆ ತಾಳೆಯಾದ ದಿನದ ಸಂತೋಷ ನನಗೆ ಯಾವ ಇನ್‌ಕ್ರಿಮೆಂಟಿನಲ್ಲೂ ಸಿಕ್ಕಿಲ್ಲ.

ನಮ್ಮ ಹಿರಿಯರಿಗೆ ಇದು ಓದದೆಯೂ ಗೊತ್ತಿತ್ತು. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಫೋರ್ಟಿನ ಕನ್ನಡ ರಾತ್ರಿಶಾಲೆಗಳಿಗೆ ಹೋಗುತ್ತಿದ್ದ ಕಾಲ ಅದು. ಅಂಥ ಒಬ್ಬರು ನನಗೆ ಹೇಳಿದ್ದರು: ಎರಡು ಹೋಟೆಲಿನಲ್ಲಿ ಕೆಲಸ ಸಿಕ್ಕಿತ್ತು, ಸಂಬಳ ಕಡಿಮೆ ಇದ್ದಲ್ಲಿಗೆ ಸೇರಿದೆ. ಯಾಕೆಂದರೆ ಅಲ್ಲಿಯ ಧಣಿಗಳು ಶಾಲೆಗೆ ಹೋಗಲು ಸಂಜೆ ಬಿಡುತ್ತಿದ್ದರು. ಅವರು ಆಮೇಲೆ ಬ್ಯಾಂಕ್ ಸೇರಿದರು. ಹಸಿವೆ ಗೊತ್ತಿದ್ದ ಹುಡುಗ, ಊರಿಗೆ ಮನಿಯಾರ್ಡರ್ ಕಳಿಸಬೇಕಿದ್ದ ಹುಡುಗ, ಆದರೂ ಸಂಜೆಯ ಎರಡು ಗಂಟೆಗೆ ಬೆಲೆ ಕಟ್ಟಿದ್ದ. ಅವರನ್ನು ನೆನೆದರೆ ನನಗೆ ಈಗಲೂ ಗೌರವ.

ಹಾಗೆಂದು ಈಗಿನ ಕೆಲಸದಲ್ಲೇ ಬಾಯಿ ಮುಚ್ಚಿಕೊಂಡು ಇರಿ ಅನ್ನುತ್ತಿಲ್ಲ. ದಿನವೂ ಅವಮಾನ ಮಾಡುವ ಮೇಲಧಿಕಾರಿ ಇದ್ದರೆ ಸಂಬಳ ಕಡಿಮೆಯಾದರೂ ಹೊರಡಿ. ಆದರೆ ಕೆಲಸ ಹಿಡಿಸಿದೆ, ಸಂಬಳ ಮಾತ್ರ ಸಾಲದು ಅಂತಾದರೆ ಮೊದಲು ಅಲ್ಲೇ ಕೇಳಿ. ಸಂಬಳ ಏರಿಸಲು ಆಗುವುದಿಲ್ಲ ಎಂದರೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೇಳಿ. ಗದ್ದಲದ ಗಾಡಿ ತಪ್ಪಿಸಲು ಬೆಳಿಗ್ಗೆ ಬೇಗ ಬಂದು ಸಂಜೆ ಬೇಗ ಹೊರಡುವ ಸಮಯ ಕೇಳಿ. ಹೊಸ ಕಂಪನಿಯಲ್ಲೂ ಕೇಳಿ: ಶನಿವಾರ ರಜೆ ಇದೆಯಾ? ರಾತ್ರಿ ಫೋನ್ ಬರುತ್ತದಾ? ಈ ಜಾಗದಲ್ಲಿ ಮುಂಚೆ ಇದ್ದವರು ಯಾಕೆ ಬಿಟ್ಟರು? ಒಪ್ಪಿದ್ದೆಲ್ಲವನ್ನೂ ಇಮೇಲಿನಲ್ಲಿ ಬರೆಸಿಕೊಳ್ಳಿ. ಸಹಿ ಹಾಕುವ ಮುಂಚೆ ಒಂದು ದಿನ, ಕೆಲಸದ ಹೊತ್ತಿನಲ್ಲೇ, ಅದೇ ಗಾಡಿಯಲ್ಲಿ ಆ ಆಫೀಸಿನ ಬಾಗಿಲವರೆಗೆ ಹೋಗಿ ಬನ್ನಿ.

ನಮಸ್ಕಾರ.