ಎಂಟು ವರ್ಷ ತಡವಾಗಿ ಬಂದ ಗೋಲು

ಕೇಳುಗರಿಗೆ ನಮಸ್ಕಾರ.

1990ರ ವಿಶ್ವಕಪ್ ಫುಟ್‌ಬಾಲನ್ನು ದೂರದರ್ಶನದಲ್ಲಿ ನಿದ್ದೆಗೆಟ್ಟು ನೋಡಿದವರಿಗೆ ಒಂದು ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿರುತ್ತದೆ. ಒಬ್ಬ ಆಟಗಾರ ಗೋಲು ಹೊಡೆದವರೇ ಮೈದಾನದ ಮೂಲೆಗೆ ಓಡುತ್ತಾರೆ. ಅಲ್ಲಿ ನೆಟ್ಟಿರುವ ಪುಟ್ಟ ಬಾವುಟದ ಮುಂದೆ ನಿಂತು, ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈ ಮೇಲೆತ್ತಿ, ಸೊಂಟ ಕುಣಿಸುತ್ತಾರೆ. ಮುಖದ ತುಂಬ ನಗು. ಅವರು ಕ್ಯಾಮರೂನ್ ದೇಶದ ರೋಜರ್ ಮಿಲ್ಲಾ. ಆಗ ಅವರಿಗೆ 38 ವರ್ಷ.

ಆ ಕುಣಿತ ಎಲ್ಲರಿಗೂ ಗೊತ್ತು. ಆದರೆ ಆ ಮೂಲೆಗೆ ಬಂದು ಮುಟ್ಟುವುದಕ್ಕೆ ಅವರು ಎಷ್ಟು ಕಾಯಬೇಕಾಯಿತು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಇವತ್ತು ನಾನು ಹೇಳಹೊರಟಿರುವುದು ಅದನ್ನೇ.

ಮಿಲ್ಲಾ ಹುಟ್ಟಿದ್ದು 1952ರ ಮೇ 20ರಂದು, ಕ್ಯಾಮರೂನಿನ ರಾಜಧಾನಿ ಯಾವುಂಡೆಯಲ್ಲಿ. ತಂದೆಗೆ ರೈಲ್ವೆಯಲ್ಲಿ ಕೆಲಸ. ದುವಾಲಾ ನಗರದ ಕ್ಲಬ್ಬುಗಳಲ್ಲಿ ಆಡಿ ಪಳಗಿದರು. ಆಮೇಲೆ ಯಾವುಂಡೆಯ ಟೊನೇರ್ ಕ್ಲಬ್ ಸೇರಿದರು. 1976ರಲ್ಲಿ ಆಫ್ರಿಕದ ವರ್ಷದ ಆಟಗಾರ ಅನ್ನಿಸಿಕೊಂಡರು. ಮರುವರ್ಷ ಫ್ರಾನ್ಸಿಗೆ ಹೋದರು. ಅಲ್ಲಿ 12 ವರ್ಷ, ಐದು ಕ್ಲಬ್. 1981ರ ಫ್ರೆಂಚ್ ಕಪ್ ಫೈನಲ್‌ನಲ್ಲಿ ಬಾಸ್ತಿಯಾ ಪರವಾಗಿ ಗೋಲು ಹೊಡೆದು ಕಪ್ ಗೆಲ್ಲಿಸಿದರು.

1982ರಲ್ಲಿ ಕ್ಯಾಮರೂನ್ ಮೊದಲ ಸಲ ವಿಶ್ವಕಪ್‌ಗೆ ಬಂತು. ಸ್ಪೇನಿನಲ್ಲಿ ಮೊದಲ ಪಂದ್ಯ ಪೆರು ವಿರುದ್ಧ. ಮಿಲ್ಲಾ ಚೆಂಡನ್ನು ಬಲೆಯೊಳಗೆ ಸೇರಿಸಿದರು. ಆಫ್‌ಸೈಡ್ ಅಂತ ಬಾವುಟ ಎದ್ದಿತು. ಗೋಲು ಲೆಕ್ಕಕ್ಕೆ ಬರಲಿಲ್ಲ, ಪಂದ್ಯ ಡ್ರಾ. ಪೋಲೆಂಡ್ ಜೊತೆಗೂ ಡ್ರಾ, ಇಟಲಿ ಜೊತೆಗೂ ಡ್ರಾ. ಒಂದು ಪಂದ್ಯವನ್ನೂ ಸೋಲದೆ ಕ್ಯಾಮರೂನ್ ಮನೆಗೆ ಹೊರಟಿತು! ಪಾಯಿಂಟ್ಸ್‌ನಲ್ಲಿ ಇಟಲಿಯೂ ಅವರೂ ಸಮ. ಆದರೆ ಇಟಲಿ ಹೊಡೆದದ್ದು ಎರಡು ಗೋಲು, ಇವರು ಹೊಡೆದದ್ದು ಒಂದು. ಅದೇ ಇಟಲಿ ಮುಂದೆ ಕಪ್ ಗೆದ್ದಿತು. ಪೆರು ವಿರುದ್ಧದ ಆ ಗೋಲು ಉಳಿದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

1984ರಲ್ಲಿ, ಮತ್ತೆ 1988ರಲ್ಲಿ ಕ್ಯಾಮರೂನ್ ಆಫ್ರಿಕನ್ ಕಪ್ ಗೆದ್ದಾಗ ಮಿಲ್ಲಾ ತಂಡದಲ್ಲಿದ್ದರು. ಆಮೇಲೆ ದೇಶದ ತಂಡ ಬಿಟ್ಟರು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಹೋಗಿ, ಅಲ್ಲಿನ ಕ್ಲಬ್ಬೊಂದರಲ್ಲಿ ಆರಾಮಾಗಿ ಆಡಿಕೊಂಡಿದ್ದರು. ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆದರೆ 1990ರ ವಿಶ್ವಕಪ್ ಹತ್ತಿರ ಬಂದಾಗ ದೇಶದ ಅಧ್ಯಕ್ಷ ಪಾಲ್ ಬಿಯಾ ಅವರೇ ಹೇಳಿ ಕಳಿಸಿದರು, ವಾಪಸ್ ಬನ್ನಿ ಅಂತ.

ಮಿಲ್ಲಾ ಬಂದರು. ಬೆಂಚಿನ ಮೇಲೆ ಕೂತರು. ಇದನ್ನು ಮರೆಯಬಾರದು. ಆ ವಿಶ್ವಕಪ್‌ನ ಒಂದು ಪಂದ್ಯದಲ್ಲೂ ಅವರು ಮೊದಲಿನಿಂದ ಆಡಲಿಲ್ಲ. ಪ್ರತಿ ಸಲವೂ ಬದಲಿ ಆಟಗಾರನಾಗಿಯೇ ಇಳಿದರು. ಎದುರಾಳಿ ಡಿಫೆಂಡರ್‌ಗಳ ಕಾಲು ಭಾರವಾಗುವ ಹೊತ್ತಿಗೆ ಇವರು ಹೊಸದಾಗಿ ಒಳಗೆ ಬರುತ್ತಿದ್ದರು. ರೊಮೇನಿಯಾ ವಿರುದ್ಧ ದ್ವಿತೀಯಾರ್ಧದಲ್ಲಿ ಇಳಿದು ಹತ್ತು ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದರು. ವಿಶ್ವಕಪ್‌ನಲ್ಲಿ ಅವರ ಲೆಕ್ಕಕ್ಕೆ ಸೇರಿದ ಮೊದಲ ಗೋಲು ಅಲ್ಲಿ ಬಂತು, ಎಂಟು ವರ್ಷ ತಡವಾಗಿ.

ಇನ್ನು ಕೊಲಂಬಿಯಾ ಪಂದ್ಯ. ನೇಪಲ್ಸ್, ಜೂನ್ 23. 90 ನಿಮಿಷ ಆದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಮಿಲ್ಲಾ ಒಬ್ಬ ಡಿಫೆಂಡರನ್ನು ದಾಟಿ, ಜಾರಿಕೊಂಡು ಬಂದ ಇನ್ನೊಬ್ಬರ ಕಾಲನ್ನು ಹಾರಿ, ಎಡಗಾಲಿನಲ್ಲಿ ಬಿಗಿಯಾಗಿ ಒದ್ದರು. ಒಂದು ಗೋಲು. ಎರಡು ಮೂರು ನಿಮಿಷದಲ್ಲೇ ಇನ್ನೊಂದು ಅವಕಾಶ ಬಂತು. ಕೊಲಂಬಿಯಾದ ಗೋಲ್‌ಕೀಪರ್ ರೆನೆ ಇಗಿಟಾ ತಮ್ಮ ಜಾಗ ಬಿಟ್ಟು ತೀರಾ ಮುಂದೆ ಬಂದು ಚೆಂಡು ಆಡುವವರು. ಅವತ್ತೂ ಬಂದಿದ್ದರು. ಕಾಲಡಿಯಲ್ಲಿ ಚೆಂಡು ಹಿಂದಕ್ಕೆ ಎಳೆದು ಮಿಲ್ಲಾರನ್ನು ತಪ್ಪಿಸಿ ಹೋಗೋಣ ಅಂತ ನೋಡಿದರು. ಮಿಲ್ಲಾ ಕಾಲು ಚಾಚಿದರು. ಚೆಂಡು ಸಿಕ್ಕೇಬಿಟ್ಟಿತು! ಮುಂದೆ ಖಾಲಿ ಗೋಲು, ಹಿಂದೆ ಜಾರಿ ಬೀಳುತ್ತಿರುವ ಇಗಿಟಾ. ಮಿಲ್ಲಾ ನಾಲ್ಕು ಹೆಜ್ಜೆ ಓಡಿ ಚೆಂಡನ್ನು ಒಳಗೆ ತಳ್ಳಿದರು. ಮತ್ತೆ ಆ ಮೂಲೆ, ಆ ಬಾವುಟ. ಅದನ್ನು ಇಗಿಟಾ ಮಾಡಿದ ತಪ್ಪು ಅಂತಷ್ಟೇ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ತಪ್ಪು ಆಗುವ ಜಾಗದಲ್ಲಿ, ಆಗುವ ಗಳಿಗೆಯಲ್ಲಿ ಮಿಲ್ಲಾ ಸುಮ್ನೆ ನಿಂತಿದ್ದರಾ?

ಹೀಗೆ ಆಫ್ರಿಕದ ತಂಡವೊಂದು ಮೊದಲ ಸಲ ವಿಶ್ವಕಪ್ ಕ್ವಾರ್ಟರ್ ಫೈನಲ್ ಮುಟ್ಟಿತು. ಅಲ್ಲಿ ಇಂಗ್ಲೆಂಡ್ ವಿರುದ್ಧ ಒಂದು ಗೋಲು ಹಿಂದೆ ಬಿದ್ದಾಗ ಮಿಲ್ಲಾ ಇಳಿದರು. ಒಂದು ಪೆನಾಲ್ಟಿ ಗಿಟ್ಟಿಸಿದರು, ಇನ್ನೊಂದು ಗೋಲಿಗೆ ಪಾಸ್ ಕೊಟ್ಟರು. ಕ್ಯಾಮರೂನ್ 2-1ರಿಂದ ಮುಂದಿತ್ತು. ಕೊನೆಗೆ ಗ್ಯಾರಿ ಲಿನೆಕರ್ ಅವರ ಎರಡು ಪೆನಾಲ್ಟಿಗಳಿಂದ 3-2ಕ್ಕೆ ಸೋತಿತು. ಆ ವರ್ಷ ಮಿಲ್ಲಾ ಮತ್ತೆ ಆಫ್ರಿಕದ ವರ್ಷದ ಆಟಗಾರ ಆದರು, ಮೊದಲನೆಯದು ಬಂದು 14 ವರ್ಷಗಳ ಮೇಲೆ. ಮುಂದಿನ ವಿಶ್ವಕಪ್‌ನಲ್ಲಿ ಆಫ್ರಿಕಕ್ಕೆ ಎರಡರ ಬದಲು ಮೂರು ಸ್ಥಾನ ಸಿಕ್ಕಿತು.

ಆ ವಿಶ್ವಕಪ್‌ಗೂ ಮಿಲ್ಲಾ ಬಂದರು. 1994ರ ಜೂನ್ 28, ಅಮೆರಿಕದಲ್ಲಿ, ರಷ್ಯಾ ವಿರುದ್ಧ. ಅರ್ಧ ಆಟಕ್ಕೇ ಕ್ಯಾಮರೂನ್ ಮೂರು ಗೋಲು ಹಿಂದೆ. ವಿರಾಮ ಮುಗಿಯುತ್ತಲೇ ಮಿಲ್ಲಾ ಇಳಿದರು, ಇಳಿದ ಕೂಡಲೇ ಗೋಲು ಹೊಡೆದರು. ಪಂದ್ಯ 6-1ರಲ್ಲಿ ಹೋಯಿತು. ರಷ್ಯಾದ ಒಲೆಗ್ ಸಲೆಂಕೊ ಒಬ್ಬರೇ ಐದು ಗೋಲು ಹೊಡೆದರು. ಕ್ಯಾಮರೂನಿನ ಆ ಒಂದು ಗೋಲಿನ ಮುಂದೆ ಮಿಲ್ಲಾ ಹೆಸರಿದೆ. ಅವತ್ತಿಗೆ ಅವರ ವಯಸ್ಸು 42 ವರ್ಷ, 39 ದಿನ. ನಮಸ್ಕಾರ.