ಚಳಿಗೆ ಗಾಳಿ ಎಲ್ಲಿ ಹೋಯಿತು? ಹಿಮಕ್ಕೆಂದೇ ಹುಟ್ಟಿದ ಮೂರು ಚಕ್ರದ ಗಾಡಿ

[ದೃಶ್ಯ: ಬೆಳ್ಳಗಿನ ಬಯಲು. ನಡುವೆ ಒಂದು ಕೆಂಪು ಮೂರು ಚಕ್ರದ ಗಾಡಿ. ಟೈರುಗಳು ದಿಂಬಿನ ಹಾಗೆ ದಪ್ಪ.]

ನಮಸ್ಕಾರ. ಅಮೆರಿಕದ ಮಿನ್ನೆಸೋಟದಲ್ಲಿರುವ ನಮ್ಮ ವೀಕ್ಷಕರೊಬ್ಬರು ಒಂದು ಒಗಟು ಕಳಿಸಿದ್ದಾರೆ. ಅವರು ಹಳೆಯದೊಂದು ಮೂರು ಚಕ್ರದ ಎಟಿವಿ, ಅಂದರೆ ರಸ್ತೆಯಿಲ್ಲದ ಕಡೆಯೂ ಓಡುವ ಗಾಡಿ, ಕೊಂಡಿದ್ದಾರೆ. ರಾತ್ರಿ ಬೆಚ್ಚಗಿನ ಗ್ಯಾರೇಜಿನಲ್ಲಿ ಟೈರಿಗೆ ಗಾಳಿ ಹಾಕಿದರು. ಬೆಳಿಗ್ಗೆ ಗಾಡಿಯನ್ನು ಹಿಮಕ್ಕೆ ತಂದು ನಿಲ್ಲಿಸಿದರು. ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಮೂರೂ ಟೈರು ಚಪ್ಪಟೆ! ಪಂಕ್ಚರ್ ಹುಡುಕಿದರು, ಸಿಗಲಿಲ್ಲ. ಬೇಸರದಿಂದ ಗಾಡಿಯನ್ನು ಮತ್ತೆ ಒಳಗೆ ತಳ್ಳಿದರು. ಸಂಜೆ ನೋಡಿದರೆ ಟೈರುಗಳು ತಾವೇ ಉಬ್ಬಿಕೊಂಡು ಕೂತಿದ್ದವು.

ಹಾಗಾದರೆ ಗಾಳಿ ಎಲ್ಲಿಗೆ ಹೋಗಿತ್ತು? ಎಲ್ಲಿಂದ ವಾಪಸ್ ಬಂತು?

ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕಿದ್ದು ಆ ಗಾಡಿ ಹುಟ್ಟಿದ ಕಥೆ. ಟೈರಿನ ಉತ್ತರವೂ ಅದರಲ್ಲೇ ಇದೆ. ಅದಕ್ಕೇ ಕಥೆಯಿಂದ ಶುರು ಮಾಡೋಣ.

[ದೃಶ್ಯ: ಹಿಮ ಮುಚ್ಚಿದ ಒಂದು ಬೈಕ್ ಶೋರೂಮ್‌ನ ಚಿತ್ರ]

1967. ಅಮೆರಿಕದಲ್ಲಿ ಹೋಂಡಾ ಬೈಕುಗಳು ಚೆನ್ನಾಗಿ ಮಾರಾಟವಾಗುತ್ತಿವೆ. ಆದರೆ ಚಳಿಗಾಲ ಬಂತೆಂದರೆ ವ್ಯಾಪಾರ ಇಳಿದುಬಿಡುತ್ತದೆ. ರಸ್ತೆ ತುಂಬ ಹಿಮ ಇರುವಾಗ ಬೈಕ್ ಕೊಳ್ಳಲು ಯಾರು ಬರುತ್ತಾರೆ? ಅದಕ್ಕೆ ಅಮೆರಿಕದ ಹೋಂಡಾದವರು ಜಪಾನಿನ ತಮ್ಮ ಎಂಜಿನಿಯರುಗಳನ್ನು ಕೇಳಿದರು: ಚಳಿಗಾಲದಲ್ಲೂ ಡೀಲರುಗಳು ಮಾರಬಹುದಾದ ಏನಾದರೂ ಮಾಡಿಕೊಡಿ.

ಕೆಲಸ ಬಂದದ್ದು ಒಸಾಮು ತಾಕೆಯುಚಿ ಎಂಬ ಎಂಜಿನಿಯರ್ ಕೈಗೆ. ಅವರು ಎರಡು ಚಕ್ರದಿಂದ ಆರು ಚಕ್ರದವರೆಗೆ ಎಲ್ಲವನ್ನೂ ಪರಿಶೀಲಿಸಿದರು. ಹಿಮ, ಕೆಸರು, ಜಾರುವ ನೆಲ, ಈ ಮೂರಕ್ಕೂ ಸರಿಹೊಂದಿದ್ದು ಮೂರು ಚಕ್ರ. ಸಣ್ಣ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರ ನೆಲಕ್ಕೆ ಒಯ್ಯುತ್ತವೆ, ಮುಂದಿನ ಒಂದು ದಾರಿ ತೋರಿಸುತ್ತದೆ. ಭಾರ ಕಡಿಮೆ, ಜಾಗವೂ ಕಡಿಮೆ.

ಆದರೆ ಟೈರಿನ ಸಮಸ್ಯೆ ಉಳಿದೇ ಇತ್ತು. ಮಾಮೂಲಿ ಟೈರು ಮೆತ್ತನೆಯ ನೆಲದಲ್ಲಿ ಹೂತುಹೋಗುತ್ತದೆ. ಆಗ ಅವರ ಕಣ್ಣಿಗೆ ಬಿದ್ದದ್ದು ಆಂಫಿಕ್ಯಾಟ್ ಎಂಬ ಗಾಡಿ. ಆರು ಚಕ್ರ, ನೆಲದಲ್ಲೂ ನೀರಿನಲ್ಲೂ ಓಡುವಂಥದ್ದು. ಅದಕ್ಕೆ 20 ಇಂಚಿನ ಬಲೂನಿನಂಥ ಟೈರು, ಒಳಗೆ ತೀರಾ ಕಡಿಮೆ ಗಾಳಿ. ತಾಕೆಯುಚಿ ಅದೇ ದಾರಿಯಲ್ಲಿ ಮುಂದೆ ಹೋಗಿ 22 ಇಂಚಿನ ಟೈರು ಮಾಡಿಸಿದರು. 1970ರಲ್ಲಿ ಯುಎಸ್90 ಎಂಬ ಹೆಸರಿನಲ್ಲಿ ಗಾಡಿ ಅಂಗಡಿಗೆ ಬಂತು. 89 ಸಿಸಿ ಎಂಜಿನ್, 7 ಹಾರ್ಸ್‌ಪವರ್, ಬೆಲೆ 595 ಡಾಲರ್. ಆಮೇಲೆ ಇದಕ್ಕೇ ಎಟಿಸಿ90 ಎಂದು ಹೆಸರಾಯಿತು. ಇದರಲ್ಲಿ ಸಸ್ಪೆನ್ಷನ್ ಇರಲೇ ಇಲ್ಲ. ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಗುಂಡಿ ಬಂದರೆ ಟೈರೇ ಬಾಗಿ, ಟೈರೇ ಏಳಬೇಕು.

ನನ್ನ ಪ್ರಕಾರ ಹೋಂಡಾ ಹುಡುಕಿದ ನಿಜವಾದ ಹೊಸ ವಸ್ತು ಮೂರು ಚಕ್ರ ಅಲ್ಲ, ಈ ಮೆತ್ತನೆಯ ಟೈರು.

[ದೃಶ್ಯ: ಪಕ್ಕಪಕ್ಕದಲ್ಲಿ ಕಾರಿನ ಟೈರು, ಬಲೂನ್ ಟೈರು. ಮೇಲೆ ಅಂಕಿ: 30 ಪಿಎಸ್ಐ, 2 ಪಿಎಸ್ಐ]

ಕಾರಿಗೆ ಎಷ್ಟು ಗಾಳಿ ಹಾಕಿಸುತ್ತೀರಿ? 30 ಪಿಎಸ್ಐ, 32 ಪಿಎಸ್ಐ, ಅಲ್ವಾ? ಪಿಎಸ್ಐ ಅಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಎಂಬ ಲೆಕ್ಕ. ಈ ಗಾಡಿಗೆ ಬೇಕಾದ್ದು ಸುಮಾರು 2. ಹೌದು, ಎರಡೇ! ಪಂಕ್ಚರ್ ಅಂಗಡಿಯ ಮಾಮೂಲಿ ಗೇಜಿನಲ್ಲಿ ಮುಳ್ಳು ಸರಿಯಾಗಿ ಅಲುಗುವುದೂ ಇಲ್ಲ. ಕಡಿಮೆ ಒತ್ತಡ ಅಳೆಯುವ ಗೇಜ್ ಬೇರೆಯೇ ಇಟ್ಟುಕೊಳ್ಳಬೇಕು.

ಇದರಿಂದ ಏನಾಗುತ್ತದೆ ನೋಡಿ. ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. 2 ಪಿಎಸ್ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ 140 ಗ್ರಾಂ. ಗಾಡಿ, ಸವಾರ ಇಬ್ಬರೂ ಸೇರಿ 180 ಕೆಜಿ ಅಂತಿಟ್ಟುಕೊಳ್ಳಿ. ಅಷ್ಟು ಭಾರ ಹೊರಲು ಒಂದೊಂದು ಟೈರೂ ಸುಮಾರು 430 ಚದರ ಸೆಂಟಿಮೀಟರ್ ಜಾಗಕ್ಕೆ ಹರಡಿಕೊಳ್ಳುತ್ತದೆ. ಒಂದು ಊಟದ ತಟ್ಟೆಯಷ್ಟು ಜಾಗ. ಟೈರಿನ ಪಕ್ಕದ ರಬ್ಬರೂ ಒಂದಿಷ್ಟು ಭಾರ ಹೊರುವುದರಿಂದ ಇದು ಅಂದಾಜು ಲೆಕ್ಕ.

ಈಗ ನೀವು ನಡೆಯಿರಿ. ನಿಮ್ಮ ತೂಕ 70 ಕೆಜಿ. ಬೂಟಿನ ಅಡಿ 200 ಚದರ ಸೆಂಟಿಮೀಟರ್. ನಡೆಯುವಾಗ ಪೂರ್ತಿ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಅಲ್ಲಿಗೆ ಚದರ ಸೆಂಟಿಮೀಟರಿಗೆ 350 ಗ್ರಾಂ ಆಯಿತು. ಗಾಡಿಗಿಂತ ಎರಡೂವರೆ ಪಟ್ಟು!

ನನಗೆ ತುಂಬ ಹಿಡಿಸಿದ ಮಾತು ಇದು. ಎಂಜಿನ್ ಇರುವ, ಮನುಷ್ಯನನ್ನು ಹೊತ್ತ ಒಂದು ಗಾಡಿ ಹಿಮದ ಮೇಲೆ ಮನುಷ್ಯನ ಪಾದಕ್ಕಿಂತ ಹಗುರವಾಗಿ ಹೆಜ್ಜೆ ಇಡುತ್ತದೆ. ನಾಟಿಗೆ ಹದ ಮಾಡಿದ ಗದ್ದೆಗೆ ಇಳಿದರೆ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಅದೇ ಗದ್ದೆಯಲ್ಲಿ ಒಂದು ಹಲಗೆ ಹಾಕಿ ಅದರ ಮೇಲೆ ನಿಂತರೆ ಹೂಳುವುದಿಲ್ಲ. ಈ ಟೈರು ಅಂಥ ಹಲಗೆ. ಉರುಳುತ್ತಾ ಹೋಗುವ ಹಲಗೆ.

[ದೃಶ್ಯ: ಥರ್ಮಾಮೀಟರ್. ಮುಳ್ಳು 20 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿಯುತ್ತದೆ.]

ಈಗ ಒಗಟಿಗೆ ಬರೋಣ. ಅರ್ಧ ಕುಡಿದ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿ ಇಡಿ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಬಾಟಲಿ ಒಳಕ್ಕೆ ಸೊರಗಿರುತ್ತದೆ. ಒಳಗಿನ ಗಾಳಿ ಎಲ್ಲಿಗೂ ಹೋಗಿಲ್ಲ. ತಣ್ಣಗಾಗಿ ಅದರ ಒತ್ತಡ ಇಳಿದಿದೆ, ಅಷ್ಟೇ. ಟೈರಿನಲ್ಲೂ ಆದದ್ದು ಇದೇ.

ಆದರೆ ಅಷ್ಟೇ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಚಳಿ ಕಾರಿನ ಟೈರಿಗೂ ಆಗುತ್ತದೆ. ಕಾರು ಹೀಗೆ ಕುಸಿದು ಕೂರುವುದಿಲ್ಲವಲ್ಲ! ಯಾಕೆ?

ಗುಟ್ಟು ಗೇಜಿನಲ್ಲಿದೆ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಟೈರಿನೊಳಗೆ ಎಷ್ಟು ಜಾಸ್ತಿ ಇದೆ ಎಂಬುದನ್ನು ಮಾತ್ರ. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯೇ ನಮ್ಮೆಲ್ಲರನ್ನೂ 14.7 ಪಿಎಸ್ಐ ಒತ್ತುತ್ತಿರುತ್ತದೆ. ಹಾಗಾಗಿ ಗೇಜ್ 2 ಎಂದರೆ ಒಳಗಿನ ಪೂರ್ತಿ ಒತ್ತಡ 16.7. ಕಾರಿನದು 30 ಎಂದರೆ ಪೂರ್ತಿ 44.7.

ಚಳಿ ಈ ಪೂರ್ತಿ ಲೆಕ್ಕದಿಂದ ಕಡಿತ ಮಾಡುತ್ತದೆ. ಗ್ಯಾರೇಜಿನಲ್ಲಿ 20 ಡಿಗ್ರಿ, ಹೊರಗೆ ಮೈನಸ್ 20. ಗಾಳಿಯ ಒತ್ತಡದ ಲೆಕ್ಕಕ್ಕೆ ಬಳಸುವುದು ಕೆಲ್ವಿನ್ ಮಾಪನ, ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದರೆ ಅದು ಸಿಗುತ್ತದೆ. ಅದರಲ್ಲಿ 293ರಿಂದ 253. ಅಂದರೆ ಸುಮಾರು ನೂರಕ್ಕೆ 14ರಷ್ಟು ಇಳಿಕೆ. ಕಾರಿನ 44.7 ಇಳಿದು 38.6 ಆಗುತ್ತದೆ. ಹೊರಗಿನ 14.7 ಕಳೆದರೆ ಗೇಜಿನಲ್ಲಿ ಇನ್ನೂ ಸುಮಾರು 24 ಉಳಿದಿದೆ. ಗಾಳಿ ಕಡಿಮೆ ಆಯಿತು, ಆದರೆ ಕಾರು ಓಡುತ್ತದೆ.

ನಮ್ಮ ಮೂರು ಚಕ್ರದ್ದು? 16.7 ಇಳಿದು 14.4 ಆಗುತ್ತದೆ. ಹೊರಗೆ 14.7!

[ದೃಶ್ಯ: ಎರಡು ಅಂಕಿಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಎರಡು ಸೆಕೆಂಡ್ ಮೌನ.]

ಇನ್ನೊಮ್ಮೆ ನೋಡಿ. ಟೈರಿನ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗಲು ಹೊರಟಿದೆ. ಟೈರು ಕಬ್ಬಿಣದ ಡಬ್ಬಿಯಾಗಿದ್ದರೆ ಹಾಗೇ ಆಗುತ್ತಿತ್ತು. ರಬ್ಬರ್ ಆದ್ದರಿಂದ ಅದು ಗಾಡಿಯ ಭಾರಕ್ಕೆ ಕುಸಿಯುತ್ತದೆ, ಒಳಗಿನ ಜಾಗ ಕಿರಿದಾಗುತ್ತದೆ, ಗಾಳಿ ಮತ್ತೆ ಸ್ವಲ್ಪ ಬಿಗಿಯಾಗುತ್ತದೆ. ನಮ್ಮ ಕಣ್ಣಿಗೆ ಮಾತ್ರ ಅದು ಪಂಕ್ಚರ್. ಬೆಚ್ಚಗಿನ ಗ್ಯಾರೇಜಿಗೆ ಬಂದ ಕೂಡಲೇ ಅದೇ ಗಾಳಿ ಹಿಗ್ಗುತ್ತದೆ, ಟೈರು ಎದ್ದು ಕೂರುತ್ತದೆ.

ಹಾಗಂತ ಕುಸಿದ ಟೈರಿನಲ್ಲೇ ಓಡಿಸಬೇಡಿ. ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳಬಹುದು. ಉಪಾಯ ಸುಲಭ. ಗಾಡಿಯನ್ನು ಹೊರಗೆ ನಿಲ್ಲಿಸಿ, ಟೈರು ಪೂರ್ತಿ ತಣ್ಣಗಾಗಲಿ, ಆಮೇಲೆ ಅಲ್ಲೇ ಗಾಳಿ ಹಾಕಿ ಅಳೆಯಿರಿ. ವಾಪಸ್ ಒಳಗೆ ತಂದಾಗ ಟೈರು ಬಿಗಿದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

[ದೃಶ್ಯ: ಎತ್ತಿನ ಗಾಡಿಯ ಅಚ್ಚು, ಚಕ್ರ, ಕಡಾಣಿ. ಪಕ್ಕದಲ್ಲಿ ಎಟಿಸಿಯ ಹಿಂದಿನ ಆಕ್ಸಲ್.]

ಟೈರು ಸರಿಯಾಯಿತು. ಈಗ ಹತ್ತಿ ಓಡಿಸೋಣ. ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಕಡಾಣಿ ಹಾಕಿದ ಚಕ್ರ ಅಚ್ಚಿನ ಮೇಲೆ ತನ್ನ ಪಾಡಿಗೆ ತಿರುಗುತ್ತದೆ. ಒಂದು ಚಕ್ರ ನಿಧಾನ, ಇನ್ನೊಂದು ಜೋರು ತಿರುಗಿದರೂ ತೊಂದರೆಯಿಲ್ಲ. ನಮ್ಮ ಆಟೋದಲ್ಲಿ ಅದಕ್ಕೆ ಡಿಫರೆನ್ಷಿಯಲ್ ಇದೆ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಆದರೆ ಈ ಎಟಿಸಿಗಳಲ್ಲಿ ಹಿಂದಿನ ಎರಡು ಚಕ್ರವೂ ಒಂದೇ ಆಕ್ಸಲ್‌ಗೆ ಬಿಗಿದುಕೊಂಡಿವೆ. ಎರಡೂ ಒಟ್ಟಿಗೇ ತಿರುಗಬೇಕು.

ಎರಡು ಚಕ್ರಗಳ ನಡುವೆ ಮುಕ್ಕಾಲು ಮೀಟರ್ ಇದ್ದರೆ, ಒಂದು ಪೂರ್ತಿ ಸುತ್ತು ಹಾಕುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ 4.7 ಮೀಟರ್ ಜಾಸ್ತಿ ದೂರ ಹೋಗಬೇಕು. ಎರಡೂ ಒಂದೇ ವೇಗದಲ್ಲಿ ತಿರುಗುತ್ತಿವೆ. ಅಂದಮೇಲೆ ಒಂದು ಜಾರಲೇಬೇಕು. ಟಾರು ರಸ್ತೆಯಲ್ಲಿ ಅದು ಜಾರಲು ಒಪ್ಪುವುದಿಲ್ಲ, ಗಾಡಿ ನೇರಕ್ಕೇ ಹೋಗಲು ನೋಡುತ್ತದೆ. ಬಲವಂತ ಮಾಡಿದರೆ ಎತ್ತಿ ಬಿಸಾಡುತ್ತದೆ. ಹಿಮದಲ್ಲಿ ಮಾತ್ರ ಚಕ್ರ ಸರಾಗವಾಗಿ ಜಾರುತ್ತದೆ. ಗಟ್ಟಿ ನೆಲದಲ್ಲಿ ದೋಷವಾದದ್ದು ಹಿಮದಲ್ಲಿ ದೋಷವೇ ಅಲ್ಲ. ಎರಡೂ ಚಕ್ರ ಬಿಡದೆ ತಳ್ಳುವುದರಿಂದ ಅದು ವರವೂ ಹೌದು.

ಹಿಮದಲ್ಲಿ ಬರುವ ತೊಂದರೆ ಮುಂದಿನ ಚಕ್ರದ್ದು. ಹ್ಯಾಂಡಲ್ ತಿರುಗಿಸುತ್ತೀರಿ, ಚಕ್ರ ನೇಗಿಲಿನ ಹಾಗೆ ಹಿಮವನ್ನು ತಳ್ಳಿಕೊಂಡು ಮುಂದಕ್ಕೇ ಹೋಗುತ್ತದೆ. ಒಂದೇ ಚಕ್ರ, ಅದರ ಮೇಲೆ ಭಾರವೂ ಕಡಿಮೆ. ಅದಕ್ಕೆ ತಿರುವಿನಲ್ಲಿ ಸವಾರ ಮುಂದಕ್ಕೆ ಸರಿಯಬೇಕು. ಹೊರಗಿನ ಕಾಲಿನ ಪೆಗ್ (ಕಾಲಿಡುವ ಕಂಬಿ) ಮೇಲೆ ಭಾರ ಹಾಕಿ, ಮೈಯನ್ನು ತಿರುವಿನ ಒಳಕ್ಕೆ ಬಾಗಿಸಬೇಕು. ಆಗ ಒಳಗಿನ ಹಿಂಚಕ್ರ ಹಗುರವಾಗಿ ಜಾರುತ್ತದೆ. ಪಳಗಿದವರು ಸ್ವಲ್ಪ ಥ್ರಾಟಲ್ (ಆಕ್ಸಿಲರೇಟರ್) ಕೊಟ್ಟು ಗಾಡಿಯ ಹಿಂಭಾಗವನ್ನೇ ತಿರುಗಿಸುತ್ತಾರೆ. ಏರು ಹತ್ತುವಾಗ ಮುಂದಿನ ಚಕ್ರ ಏಳದಂತೆ ಮುಂದಕ್ಕೆ, ಮೆತ್ತನೆಯ ಹಿಮದಲ್ಲಿ ಹಿಂದಿನ ಚಕ್ರಕ್ಕೆ ಹಿಡಿತ ಬೇಕಾದಾಗ ಹಿಂದಕ್ಕೆ. ಒಂದೇ ಕಡೆ ಸುಮ್ನೆ ಕೂರುವ ಹಾಗಿಲ್ಲ.

ಇನ್ನೊಂದು ಮಾತು. ನಾಲ್ಕು ಚಕ್ರದ ಗಾಡಿಯಲ್ಲಿ ಮುಂದಿನ ಚಕ್ರ ತುಳಿದ ದಾರಿಯಲ್ಲೇ ಹಿಂದಿನದು ಬರುತ್ತದೆ. ಮೂರು ಚಕ್ರದ್ದು ಮೂರು ಬೇರೆ ಬೇರೆ ಗೆರೆ ಎಳೆಯುತ್ತದೆ. ಹಿಂದಿನ ಚಕ್ರಗಳಿಗೆ ಪ್ರತಿ ಸಲವೂ ಹೊಸ ಹಿಮ. ಆಳವಾದ ಹಿಮದಲ್ಲಿ ಇದು ಎಂಜಿನ್ನಿಗೆ ಹೊರೆ.

[ದೃಶ್ಯ: ಕಾಲಿನ ಪೆಗ್, ಅದರ ಹಿಂದೆಯೇ ದಪ್ಪ ಟೈರು. ಕೆಂಪು ಬಾಣ.]

ಬೈಕ್ ಓಡಿಸಿ ಅಭ್ಯಾಸ ಇರುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಬೈಕ್ ವಾಲಿದರೆ ನಾವು ಕಾಲು ಕೆಳಗೆ ಊರುತ್ತೇವೆ. ಯೋಚನೆ ಮಾಡುವ ಮೊದಲೇ ಕಾಲು ಹೋಗಿರುತ್ತದೆ. ಈ ಗಾಡಿಯಲ್ಲಿ ಕಾಲಿನ ಹಿಂದೆಯೇ ಹಿಂಚಕ್ರ ಇದೆ. ಊರಿದ ಕಾಲನ್ನು ಅದು ಹಿಡಿದು ಅಡಿಗೆ ಎಳೆದುಕೊಳ್ಳುತ್ತದೆ. ಎಷ್ಟೇ ವಾಲಲಿ, ಕಾಲು ಪೆಗ್ ಮೇಲೇ ಇರಬೇಕು. ಗುಲ್ಮಾರ್ಗ್, ಮನಾಲಿಗೆ ಹೋಗಿ ಬಾಡಿಗೆಯ ನಾಲ್ಕು ಚಕ್ರದ ಎಟಿವಿ ಹತ್ತುವವರಿಗೂ ಇದೇ ಮಾತು.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಥ್ರಾಟಲ್ ಕೇಬಲ್ ಒಳಗೆ ನೀರು ಸೇರಿ ಹೆಪ್ಪುಗಟ್ಟಿದರೆ ಥ್ರಾಟಲ್ ತೆರೆದೇ ಉಳಿಯಬಹುದು. ಹೊರಡುವ ಮೊದಲು ಎರಡು ಮೂರು ಸಲ ಒತ್ತಿ ಬಿಟ್ಟು, ಅದು ತಾನಾಗಿ ವಾಪಸ್ ಬರುತ್ತದೆಯೇ ನೋಡಿ. ಬ್ರೇಕ್ ಡ್ರಮ್ಮಿನಲ್ಲಿ ನೀರಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಅಂಟಿಕೊಂಡಿರುತ್ತದೆ. ಹಿಮದ ಪುಡಿ ಏರ್ ಫಿಲ್ಟರ್‌ಗೂ ಕಟ್ಟಿಕೊಳ್ಳುತ್ತದೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಹೋಗುವುದಾದರೆ ಮೊದಲು ಐಸ್ ಅಳೆಯಿರಿ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ಪ್ರಕಾರ, ಹೊಸದಾಗಿ ಕಟ್ಟಿದ ಗಟ್ಟಿ ಐಸ್ ಮೇಲೆ ನಡೆಯಲು ಕನಿಷ್ಠ 4 ಇಂಚು ಬೇಕು. ಸ್ನೋಮೊಬೈಲ್ ಅಥವಾ ಸಣ್ಣ ಎಟಿವಿಗೆ 5ರಿಂದ 7 ಇಂಚು. ಬಿಳಿ ಐಸ್ ಆಗಿದ್ದರೆ ಅದಕ್ಕಿಂತ ಜಾಸ್ತಿ ಬೇಕು.

[ದೃಶ್ಯ: 1980ರ ದಶಕದ ಜಾಹೀರಾತಿನಂಥ ಚಿತ್ರ. ಒಣ ನೆಲ, ಧೂಳು, ಮಕ್ಕಳು.]

ಇಷ್ಟು ಒಳ್ಳೆಯ ಗಾಡಿ ಈಗ ಅಂಗಡಿಯಲ್ಲಿ ಯಾಕಿಲ್ಲ? ಹಿಮಕ್ಕೆಂದು ಹುಟ್ಟಿದ್ದು ಹಿಮದಲ್ಲೇ ಉಳಿಯಲಿಲ್ಲ. ರೈತರು, ಬೇಟೆಗಾರರು ಕೊಂಡರು. 1982ರ ಬಿಗ್ ರೆಡ್ ಎಂಬ ಹೋಂಡಾ ಮಾದರಿಗೆ ಸಾಮಾನು ಕಟ್ಟುವ ಕ್ಯಾರಿಯರ್ ಬಂತು. ಇನ್ನೊಂದು ಕಡೆ ರೇಸಿನ ಎಂಜಿನ್ನುಗಳು ಬಂದವು. ಒಣ ಗಟ್ಟಿ ನೆಲದಲ್ಲಿ, ಜೋರು ವೇಗದಲ್ಲಿ, ಚಕ್ರ ಜಾರುವ ಬದಲು ಗಾಡಿ ಮಗುಚಿತು. ಬ್ರೇಕ್ ಹಿಡಿದು ತಿರುಗಿಸಿದಾಗ ಭಾರವೆಲ್ಲ ಮುಂದಿನ ಒಂಟಿ ಚಕ್ರದ ಕಡೆ ಹೋಗುತ್ತದೆ, ಅಲ್ಲಿ ಆಸರೆ ಕಿರಿದು. ನೂರಾರು ಜನ ಸತ್ತರು, ಅವರಲ್ಲಿ ಮಕ್ಕಳು ತುಂಬ ಇದ್ದರು. ಮಕ್ಕಳಿಗೆ ಇಂಥ ಗಾಡಿ ಕೊಟ್ಟದ್ದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. 1988ರಲ್ಲಿ ಅಮೆರಿಕ ಸರ್ಕಾರ ಮತ್ತು ಕಂಪನಿಗಳ ನಡುವಿನ ಒಪ್ಪಂದಕ್ಕೆ ಕೋರ್ಟ್ ಮುದ್ರೆ ಬಿತ್ತು, ಹೊಸ ಮೂರು ಚಕ್ರದ ಎಟಿವಿಗಳ ಮಾರಾಟ ನಿಂತಿತು. 2008ರ ಕಾನೂನು ಹೊಸದನ್ನು ಆಮದು ಮಾಡುವುದನ್ನೂ ಮಾರುವುದನ್ನೂ ತಡೆಯಿತು. ಹಳೆಯವು ಇನ್ನೂ ಓಡುತ್ತಿವೆ.

ಮಿನ್ನೆಸೋಟದ ಅಣ್ಣ, ನಿಮ್ಮ ಟೈರಿಗೆ ಏನೂ ಆಗಿಲ್ಲ. ಹೆಲ್ಮೆಟ್ ಹಾಕಿಕೊಳ್ಳಿ, ನಾಳೆ ಗಾಳಿಯನ್ನು ಹೊರಗೆ ನಿಂತು ಹಾಕಿ. ಆಮೇಲೆ ನನಗೊಂದು ಉಪಕಾರ ಮಾಡಿ. ಯಾರೂ ತುಳಿಯದ ಹಿಮದಲ್ಲಿ ಒಂದಿಷ್ಟು ದೂರ ಗಾಡಿ ಓಡಿಸಿ, ಅದರ ಪಕ್ಕದಲ್ಲೇ ನಡೆದು ಬನ್ನಿ. ಟೈರಿನ ಗುರುತು, ನಿಮ್ಮ ಹೆಜ್ಜೆ, ಎರಡೂ ಒಂದೇ ಫೋಟೋದಲ್ಲಿ ಬರಲಿ. ಯಾವುದು ಆಳ ಇದೆ ಅಂತ ಎಲ್ಲರೂ ಸೇರಿ ನೋಡೋಣ.